ಖಾಲಿ ಬಿಟ್ಟ ಸಾಲಿನ ಗೋಳು

ಬಾಯಿಬಿಟ್ಟು ಕೇಳದವರಿಗೆ ಏನೂ ಕೊಡಬಾರದು ಎಂಬುದು ಆಗ ನಮ್ಮ ತಂಡದ ವೇದಾಂತ. ಅಮೆರಿಕದ ಏಪೆಕ್ಸ್ ಎಂಬ ಊರಿನಲ್ಲಿ ಮನೆಯಲ್ಲೇ ಕೂತು, ನೂರಾರು ಸರ್ವರ್‌ಗಳು ಹೇಗಿರಬೇಕೆಂದು ಬರೆದಿಡುವ ಒಂದು ಕಂಪ್ಯೂಟರ್ ಭಾಷೆಯನ್ನು ನಾವು ತಿದ್ದುತ್ತಿದ್ದೆವು. ಅದರಲ್ಲೊಂದು ಹಳೆಯ ಪೆದ್ದುತನವಿತ್ತು. ಬ್ಯಾಕಪ್ ಬೇಕೇ ಎಂಬ ಸಾಲನ್ನು ಖಾಲಿ ಬಿಟ್ಟರೆ ಬೇಕು ಎಂದೇ ಅರ್ಥ. ಬರಲಿದ್ದ ಹೊಸ ವರ್ಶನ್‌ನಲ್ಲಿ ಅದನ್ನು ಬೇಡ ಎಂದು ಬದಲಿಸಿದೆವು. ಬಳಸುವವರಿಗೆ ಗೊತ್ತಾಗಲೆಂದು ವರ್ಷಗಟ್ಟಲೆ ಹಳದಿ ಅಕ್ಷರದ ಎಚ್ಚರಿಕೆ ತೋರಿಸಿ, ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಬಿಡುಗಡೆಗೆ ವಾರವಿದ್ದಾಗ ಗಣೇಶನ ಹಬ್ಬಕ್ಕೆಂದು ಜಾನ್ಸ್ ಕ್ರೀಕ್ ಊರಿನಲ್ಲಿರುವ ಅಕ್ಕನ ಮನೆಗೆ ಹೋದೆ. ಅಲ್ಲಿಗೆ ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ಬಂದಿದ್ದರು. ಒಂದು ಆಸ್ಪತ್ರೆಯ ಸರ್ವರ್‌ಗಳನ್ನು ಅವರು ನಮ್ಮ ಭಾಷೆಯಲ್ಲೇ ನೋಡಿಕೊಳ್ಳುತ್ತಿದ್ದರು.

"ನಿಮ್ಮ ಆ ಹಳದಿ ವಾರ್ನಿಂಗ್ ಭಾಳ ತಲಿ ತಿಂತಿತ್ತವಾ," ಎಂದರು ಕಡುಬು ಮುರಿಯುತ್ತ. "ಎಲ್ಲಾ ಆಫ್ ಮಾಡಿ ಒಗದೀನಿ. ಈಗ ಸ್ಕ್ರೀನ್ ಕ್ಲೀನ್ ಐತಿ. ಹೊಸ ವರ್ಶನ್ ಬಂದ್ರ ತಾನಾ ಇನ್‌ಸ್ಟಾಲ್ ಆಗ್ತೈತಿ."

ಬಾಯಿಗೆ ಒಯ್ದ ಕಡುಬನ್ನು ತಟ್ಟೆಗಿಟ್ಟು ಕೇಳಿದೆ: "ಅಂಕಲ್, ಬ್ಯಾಕಪ್ ಲೈನ್ ಫಿಲ್ ಮಾಡಿದೀರಾ?"

"ಖಾಲಿ ಬಿಟ್ರೂ ನಡೀತೈತಲ್ಲ. ನನಗಿಂತ ಮೊದಲಿದ್ದಾಂವ ಬರದಿದ್ದು. ಚಾಲೂ ಇದ್ದದ್ದನ್ನ ಯಾಕ ಕೆದಕೂದು?"

ಅಂದರೆ ಮುಂದಿನ ವಾರ ಆಸ್ಪತ್ರೆಯ ಬ್ಯಾಕಪ್ ಸದ್ದಿಲ್ಲದೆ ನಿಲ್ಲಲಿತ್ತು. ಆಮೇಲೆ ಒಂದು ಡಿಸ್ಕ್ ಕೈಕೊಟ್ಟರೆ ರೋಗಿಗಳ ದಾಖಲೆಯೂ ಹೋಯಿತು, ಅಂಕಲ್ ಕೆಲಸವೂ ಹೋಯಿತು, ಅದರ ಹಿಂದೆಯೇ ಆ ಕೆಲಸಕ್ಕೆಂದು ಸಿಕ್ಕಿದ್ದ ವೀಸಾ. ಎಲ್ಲವನ್ನೂ ಬಿಡಿಸಿ ಹೇಳಿದೆ. "ನೋಡೂಣಂತ," ಎಂದು ನನಗೆ ಇನ್ನೊಂದು ಕಡುಬು ಬಡಿಸಿದರು. ಹೆದರಿಕೆಯೆಲ್ಲ ನನ್ನ ಪಾಲಿಗೇ ಉಳಿಯಿತು.

ಮರಳಿ ಬಂದು ಮೀಟಿಂಗ್‌ನಲ್ಲಿ ಹೇಳಿದೆ. "ಡಾಕ್ಯುಮೆಂಟೇಶನ್‌ನಲ್ಲಿ ಇದ್ಯಲ್ಲ, ಓದ್ಕೊಳ್ಳಲಿ ಬಿಡಿ," ಎಂದ ಮೈಸೂರಿನ ಸಹೋದ್ಯೋಗಿ. ಆ ಡಾಕ್ಯುಮೆಂಟೇಶನ್ ಬರೆದವನು ಅವನೇ, ಓದಿದವನೂ ಅವನೊಬ್ಬನೇ. ನನಗೆ ರೇಗಿತು.

"ಯಾರೂ ಓದಲ್ಲ ಅಂತ ಗೊತ್ತಿದ್ದೂ ಬರ್ದು, ಓದ್ಲಿಲ್ಲ ಅಂತ ಕೈ ತೊಳ್ಕೊಳ್ಳೋದಾ?"

ಜಗಳವಾಗಿ ಬಿಡುಗಡೆ ಮುಂದಕ್ಕೆ ಹೋಯಿತು. ಕೊನೆಗೆ ರಾಜಿಯಾದೆವು. ಹೊಸ ನಿಯಮ ಬೇಕೆನ್ನುವವರು ತಮ್ಮ ಫೈಲಿನ ಮೊದಲ ಸಾಲಿನಲ್ಲಿ ಹೊಸ ವರ್ಶನ್ ಸಂಖ್ಯೆ ಬರೆಯಬೇಕು, ಬರೆಯದವರಿಗೆ ಖಾಲಿ ಎಂದರೆ ಬೇಕು ಎನ್ನುವ ಹಳೆಯ ಪೆದ್ದುತನವೇ ಕಾಯಂ. ಆ ಎರಡೂ ನಿಯಮಗಳನ್ನು ಜೀವನಪೂರ್ತಿ ಸಾಕುವ ಕರ್ಮ ಮಾತ್ರ ನಮ್ಮದು.

ದೀಪಾವಳಿಗೆ ಅಂಕಲ್ ಮತ್ತೆ ಸಿಕ್ಕರು. ಬ್ಯಾಕಪ್ ನಡೆಯುತ್ತಿದೆಯೇ ಎಂದು ಅಳುಕುತ್ತಲೇ ಕೇಳಿದೆ.

"ನಡೀಲಾರದ ಏನು? ಅವತ್ತು ಸುಮ್ನ ಹೆದರಿಸಿದಿ ನೋಡವಾ," ಎಂದು ನಕ್ಕರು. ಆಮೇಲೆ ಸುತ್ತ ಕೂತವರಿಗೆಲ್ಲ ಕೇಳುವಂತೆ ಹೇಳಿದರು: "ಹೊಸ ವರ್ಶನ್ ಬಂತು, ಒಂದೂ ಚೇಂಜ್ ಇಲ್ಲ. ಅದೇನ್ ಕೆಲಸ ಮಾಡ್ತಾರೋ ಇವ್ರು."