ನಾಲ್ಕೇ ನಾಲ್ಕು ಬೋಲ್ಟು

ಸರ್ಜಾಪುರದ ಆಚೆ ನಾವು ಬಾಡಿಗೆಗೆ ಹಿಡಿದಿದ್ದ ಶೆಡ್ಡಿನಲ್ಲಿ ಮೊದಲು ರೇಷ್ಮೆಹುಳು ಸಾಕುತ್ತಿದ್ದರಂತೆ. ಅಲ್ಲಿ ನನ್ನ ಗಂಡ ವಿಮಾನ ಕಟ್ಟುತ್ತಿದ್ದರು. ಆಟಿಕೆಯಲ್ಲ, ಇಬ್ಬರು ಕೂತು ಹಾರುವ ನಿಜವಾದ ವಿಮಾನ. ವಾರವೆಲ್ಲ ಹೆಬ್ಬಗೋಡಿಯ ಕಾರ್ಖಾನೆಯಲ್ಲಿ ದುಡಿದು, ಭಾನುವಾರವೂ ಸ್ಪ್ಯಾನರ್ ಜೊತೆಗೇ ಸಂಸಾರ ಮಾಡುವ ಈ ಮನುಷ್ಯನನ್ನು ನಾನು ಬೈಯದ ದಿನವಿಲ್ಲ. ಆದರೆ ನನ್ನ ಜೀವ ಹಿಂಡುತ್ತಿದ್ದದ್ದು ಬೇರೆ ಸಂಗತಿ. ಎರಡನೆಯ ಸೀಟು ಮಗಳಿಗೆ ಎಂದು ಅಪ್ಪ ಮಗಳು ಸೇರಿ ತೀರ್ಮಾನಿಸಿಬಿಟ್ಟಿದ್ದರು. ಇರುವವಳು ಒಬ್ಬಳೇ ಮಗಳು. ನಾನು ಸುತರಾಂ ಒಪ್ಪಿರಲಿಲ್ಲ.

ಇಂಜಿನ್ ಕೂರಿಸುವ ದಿನ ಮಗಳಿಗೆ ಪರೀಕ್ಷೆ ಇತ್ತು, ಹಾಗಾಗಿ ಕೈಜೋಡಿಸಲು ನಾನು ಹೋದೆ. ವಿಮಾನದ ಮೂತಿಯಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ನಾಲ್ಕು ಮೂಲೆಗೆ ಇಂಜಿನ್ ಹಿಡಿದಿಡುವ ನಾಲ್ಕು ಬೋಲ್ಟು, ನಡುಕ ನುಂಗಲು ದಪ್ಪ ರಬ್ಬರ್ ಬಿಲ್ಲೆಗಳು. ಉಳಿದ ಬೋಲ್ಟು ಎಲ್ಲಿ ಎಂದು ಕೇಳಿದೆ. ಇಷ್ಟೇ ಎಂದರು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ, ನನ್ನ ಕಿರುಬೆರಳಿನಷ್ಟಿತ್ತು. ನಮ್ಮನೆ ಉಯ್ಯಾಲೆಗೂ ಇದಕ್ಕಿಂತ ದಪ್ಪನೆಯ ಬೋಲ್ಟುಗಳಿವೆ. ಬೆರಗಿನಿಂದ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಸರಪಳಿ ರಾಟೆಗೆ ತೂಗುಬಿದ್ದ ಇಂಜಿನ್ ಚೌಕಟ್ಟಿನ ಹತ್ತಿರ ಬಂತು. ಮೂರು ಬೋಲ್ಟು ಸಲೀಸಾಗಿ ಹೋದವು. ನಾಲ್ಕನೆಯದು ತೂತಿನ ಬಾಯಲ್ಲೇ ನಿಂತಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಗಳಿಗೆ ದಿನಾ ಹೇಳುವ ನಾನೇ ಸುತ್ತಿಗೆ ಎತ್ತಿಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, ಕೂತಿದ್ದ ಮೂರನ್ನೂ ಸಡಿಲಿಸಿ, ಸರಪಳಿಯನ್ನು ಒಂಚೂರು ಎಳೆದು, ಇಂಜಿನ್ನನ್ನು ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗಿದರು. ಈಗ ಒತ್ತು ಎಂದರು. ಹೆಬ್ಬೆರಳಲ್ಲಿ ಒತ್ತಿದೆ. ಬೋಲ್ಟು ಸದ್ದಿಲ್ಲದೆ ಒಳಗೆ ಹೋಯಿತು.

ಬಿಗಿಯುವ ಕೆಲಸವನ್ನೂ ನನಗೇ ಕೊಟ್ಟರು. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ಸ್ಪ್ಯಾನರ್ ಅದು. ಟಕ್ ಎಂದಿತು. ಮಗಳು ಕೂರುವುದಾದರೆ ಇನ್ನೊಂದು ಸುತ್ತು ಇರಲಿ ಎಂದು ಮತ್ತೆ ಎಳೆಯಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಟಕ್ ಅಂದ್ಮೇಲೆ ಬಿಟ್ಬಿಡ್ಬೇಕು ಕಣೇ. ಜಾಸ್ತಿ ಬಿಗಿದ್ರೂ ಮುರಿಯುತ್ತೆ."

ಸಡಿಲವಾದದ್ದು ಬೀಳುತ್ತದೆಂದು ಯಾರಿಗಾದರೂ ಗೊತ್ತು. ಇದು ನನಗೆ ಹೊಸದು.

ಆಮೇಲೆ ಪ್ರತಿ ನಟ್ಟಿಗೂ ಪಿನ್ನು ಹಾಕಿ, ನಟ್ಟಿನಿಂದ ಚೌಕಟ್ಟಿನವರೆಗೆ ನನ್ನ ಕೈಯಲ್ಲಿ ಕೆಂಪು ಬಣ್ಣದ ಗೆರೆ ಎಳೆಸಿದರು. ನಟ್ಟು ಕದಲಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಶೆಡ್ಡಿನ ಮಾಲೀಕರ ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿ, "ಕುಂಕುಮ ಇಕ್ಕಿದ್ರಾ? ಒಳ್ಳೇದಾಯ್ತು ಬುಡವ್ವ" ಎಂದರು. ಹೂಂ ಎಂದೆ.

ಹಾರಲು ಪರವಾನಗಿ ಬಂದ ಮೇಲೆ ನನ್ನ ಗಂಡ ಒಬ್ಬರೇ ಎಷ್ಟೋ ಸಲ ಹಾರಿದರು. ಇಳಿದಾಗಲೆಲ್ಲ ನಾನು ಇಂಜಿನ್ನಿನ ಮುಚ್ಚಳ ತೆಗೆಸಿ ಗೆರೆ ನೋಡುತ್ತಿದ್ದೆ. ಇಂಜಿನ್ ಅಷ್ಟೆಲ್ಲ ಗುಡುಗಿ ನಡುಗಿದರೂ ಗೆರೆ ನಾನು ಎಳೆದ ಹಾಗೇ ಇರುತ್ತಿತ್ತು. ಕೊನೆಗೆ ಮಗಳನ್ನು ತಡೆಯಲು ನನ್ನ ಬಳಿ ನೆಪಗಳೇ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಮಗಳು ಎರಡನೆಯ ಸೀಟಿನಲ್ಲಿ ಕೂತಳು. ಬಗ್ಗಿ ಬೆಲ್ಟ್ ಹಾಕಿದೆ. ಟಕ್ ಎಂದಿತು. ಎಳೆದು ಬಿಗಿ ಮಾಡಿದೆ. ಇನ್ನೊಮ್ಮೆ ಎಳೆದೆ.

"ಅಮ್ಮಾ, ಸಾಕು."

ಕೈ ಬಿಟ್ಟೆ. ನಾಲ್ಕು ಬೋಲ್ಟನ್ನು ನಂಬಿ ನನ್ನ ಸಂಸಾರವೆಲ್ಲ ಮೇಲೇರಿತು. ನಾನು ನೆಲದ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ.