ಮನೆಯೊಳಗಿನ ಮೆಟ್ಟು

ಹೆಮ್ಮರಗಾಲದ ಸಿದ್ದಲಿಂಗಮ್ಮನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಬಲ ಅಂಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಯಿತು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಕಾಲಿಗೆ ಸ್ಪರ್ಶವೇ ಇರಲಿಲ್ಲ. ನೋವಿಲ್ಲವೆಂದು ಎರಡು ತಿಂಗಳು ಅರಿಸಿನ ಮೆತ್ತಿಕೊಂಡೇ ಓಡಾಡಿದಳು. ೨೦೦೩ರ ಯುಗಾದಿ ಕಳೆದ ಮೇಲೆ ನಂಜನಗೂಡಿನ ಡಾಕ್ಟರ ಬಳಿಗೆ ಹೋದಾಗ ಅದು ರೂಪಾಯಿಯಗಲವಾಗಿತ್ತು.

ಡಾಕ್ಟರು ಸತ್ತ ಮಾಂಸ ಕೆರೆದು ತೆಗೆದರು, ಇನ್ಸುಲಿನ್ ಶುರು ಮಾಡಿದರು, ದಿನ ಬಿಟ್ಟು ದಿನ ಡ್ರೆಸಿಂಗ್ ಎಂದರು. ಹುಣ್ಣಿನ ಜಾಗದಲ್ಲಿ ಕುಳಿ ತೆಗೆದ, ಮೆತ್ತನೆಯ ರಬ್ಬರಿನ ಮೆಟ್ಟು ಮಾಡಿಸಿಕೊಟ್ಟರು.

"ಹುಣ್ಣಿನ ಮೇಲೆ ಮೈಭಾರ ಬೀಳಬಾರದಮ್ಮ. ಯಾವಾಗಲೂ ಹಾಕ್ಕೊಂಡಿರಬೇಕು."

"ಯಾವಾಗ್ಲೂ ಇಕ್ಕೋತೀನಿ ಸಾ."

ಮೂರು ತಿಂಗಳಾದರೂ ಹುಣ್ಣು ಮುಚ್ಚಲಿಲ್ಲ. ರಕ್ತ ಚೆನ್ನಾಗಿ ಓಡುತ್ತಿತ್ತು, ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು, ಸಕ್ಕರೆಯೂ ಇಳಿದಿತ್ತು. ಡಾಕ್ಟರಿಗೂ ಬಗೆಹರಿಯಲಿಲ್ಲ.

"ಕೀವು ಮೂಳೆಗೆ ಇಳಿದರೆ ಬೆರಳು ತೆಗೀಬೇಕಾಗುತ್ತೆ. ಅಲ್ಲಿಗೇ ನಿಲ್ಲುತ್ತೆ ಅಂತ ನಾನು ಹೇಳಲಾರೆ."

ನರ್ಸ್ ವನಿತಾ ಪಕ್ಕದ ಟಿ. ನರಸೀಪುರದವಳು, ಈ ಕಡೆಯ ಮನೆಗಳ ರೀತಿ ಬಲ್ಲವಳು. ಅವಳು ಎದ್ದು ಹೋಗಿ ಬಾಗಿಲಾಚೆಯಿಂದ ಆ ಮೆಟ್ಟನ್ನು ಎತ್ತಿ ತಂದಳು. ಡಾಕ್ಟರ ಮುಂದೆ ಮೆಟ್ಟಿಕೊಂಡು ನಿಲ್ಲುವುದು ಮರ್ಯಾದೆಯಲ್ಲವೆಂದು ಸಿದ್ದಲಿಂಗಮ್ಮ ಪ್ರತಿ ಸಲ ಹೊರಗೇ ಬಿಟ್ಟು ಬರುತ್ತಿದ್ದಳು. ಅಡಿ ಸವೆದೇ ಇರಲಿಲ್ಲ.

"ಏನವ್ವ, ಅಂಗ್ಡಿಯಿಂದ ಈಗ ತಂದಂಗದೆ?"

"ಯಾವಾಗ್ಲೂ ಇಕ್ಕೋತೀನಿ ಕಣವ್ವ."

"ಮನೇಲೂವೆ?"

"ಮನೇಲಿ ಯಾರಾದ್ರೂ ಮೆಟ್ಟು ಇಕ್ಕಂಡಾರಾ? ಒಳ್ಳೆ ಕತೆ ಯೋಳ್ತೀಯ!"

ಡಾಕ್ಟರಿಗೆ ಯಾವಾಗಲೂ ಎಂದರೆ ಇಡೀ ದಿನ, ಸಿದ್ದಲಿಂಗಮ್ಮನಿಗೆ ಹೊಸಿಲಿನಿಂದಾಚೆ. ಒಲೆಯ ಮುಂದೆ, ಹಜಾರದಲ್ಲಿ, ಕೊಟ್ಟಿಗೆಯಲ್ಲಿ ಹದಿನಾಲ್ಕು ಗಂಟೆ ಅವಳದು ಬರಿಗಾಲು.

ಡಾಕ್ಟರು ಮನೆಯೊಳಗೆ ಮಾತ್ರ ಹಾಕಿಕೊಳ್ಳಲು, ಬೀದಿಯ ಮಣ್ಣು ಮುಟ್ಟದ ಇನ್ನೊಂದು ಜೊತೆ ಮಾಡಿಸಿದರು. ಅದನ್ನು ಹಾಕಿಕೊಂಡ ದಿನವೇ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಲಿಂಗ ಕಟ್ಟಿರೋ ಮೈ. ಎಕ್ಕಡ ಮೆಟ್ಕಂಡು ಒಲೆ ಮುಂದೆ ನಿಂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

"ರಬ್ಬರು ಕಣತ್ತೆ, ಚರ್ಮ ಅಲ್ಲ. ನನ್ ಕಾಲು ಓದ್ರೆ ನಾಳೆ ಮುದ್ದೆ ತಿರುವೋರ್ಯಾರು, ನೀವಾ?"

ಅತ್ತೆ ಎರಡು ದಿನ ಸೊಸೆ ಮಾಡಿದ್ದನ್ನು ಮುಟ್ಟಲಿಲ್ಲ. ಮೂರನೆಯ ದಿನ ಉಪ್ಪೆಸರಿನ ವಾಸನೆಗೆ ತಾನೇ ತಟ್ಟೆ ಇಟ್ಟುಕೊಂಡು ಕೂತಳು. ಸಿದ್ದಲಿಂಗಮ್ಮ ಮೆಟ್ಟು ಬಿಚ್ಚುತ್ತಿದ್ದುದು ಲಿಂಗಪೂಜೆಗೆ ಮಾತ್ರ, ಅದೂ ಕುಳಿತ ಮೇಲೆ.

ಹತ್ತು ವಾರದಲ್ಲಿ ಹುಣ್ಣಿನ ಜಾಗಕ್ಕೆ ಹೊಸ ಚರ್ಮ ಬಂದು ಮುಚ್ಚಿತು. ಡಾಕ್ಟರು ಬೆರಳಿಟ್ಟು ಒತ್ತಿ ಒತ್ತಿ ನೋಡಿದರು.

"ಬೆರಳು ಕುಯ್ಯೋದು ಏನಾಯ್ತು ಸಾ?"

"ಅದನ್ನ ಮರೆತುಬಿಡಿ. ದಿನಾ ಅಂಗಾಲು ನೋಡ್ಕೊಳೋದನ್ನ ಮಾತ್ರ ಮರೀಬೇಡಿ."

ಸಿದ್ದಲಿಂಗಮ್ಮ ಹತ್ತೂ ಬೆರಳಿನ ಸಮೇತ ಬಸ್‌ಸ್ಟ್ಯಾಂಡಿಗೆ ನಡೆದಳು. ಹೆಮ್ಮರಗಾಲದ ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಬೇಡವೆಂದು ಊರಿನ ತನಕ ನಿಂತೇ ಹೋದಳು.