ಚರಂಡಿ ಸೇರುವ ಕಡೆಯ ನೀರು

ಗೆಳೆಯರೇ, ಇವತ್ತು ಕೋಟೆ ತಾಲ್ಲೂಕಿನ ಒಂದು ಜಲಾಶಯಕ್ಕೆ ಪರೀಕ್ಷೆಗೆಂದು ನೀರು ತರಲು ಹೋಗಿದ್ದೆ. ನಮ್ಮ ಸಾಹೇಬರು ಜೀಪಿನಿಂದ ಇಳಿಯದೆಯೇ, "ಕಟ್ಟೆ ಹತ್ರ ತಿಳಿಯಾಗಿರೋ ಕಡೆ ಒಂದು ಬಾಟಲಿ ತುಂಬಿಸ್ರೀ, ಸಾಕು" ಎಂದರು. ತುಂಬಿಸಿದೆ.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಎದ್ದು ಬಂದರು.

"ಇಲ್ಲಿ ನೀರ ಯಾರೂ ಕುಡಿಯಾಕಿಲ್ಲ ಕಣಪ್ಪ. ನಮ್ಮೂರಿಗೆ ನೀರೆತ್ತೋ ಮೋಟ್ರು ಅಲ್ಲೈತೆ ನೋಡು" ಎಂದು ಕೈ ತೋರಿಸಿದರು. ಆ ಮೋಟರಿನಿಂದ ಹತ್ತು ಮಾರು ದೂರದಲ್ಲೇ ಪೇಟೆಯ ಚರಂಡಿ ಕಪ್ಪಗೆ ಹರಿದು ಬಂದು ಜಲಾಶಯ ಸೇರುತ್ತಿತ್ತು.

"ನನ್ ಮೊಮ್ಮಗಳಿಗೆ ಕಾಮಾಲೆ ಆಗಿ ವಾರಾಯ್ತು. ಎದ್ದು ಕೂರಕ್ಕೂ ಆಯ್ತಿಲ್ಲ."

ಅವರು ಬೈಯಲಿಲ್ಲ, ಅಳಲೂ ಇಲ್ಲ. ನನಗೇ ಅವರ ಮುಖ ನೋಡಲಾಗಲಿಲ್ಲ. ಮೋಟರಿನವರೆಗೆ ನಡೆದು ಹೋಗಿ ಅಲ್ಲಿಂದ ಇನ್ನೊಂದು ಬಾಟಲಿ ತುಂಬಿಸಿಕೊಂಡು ಬಂದೆ.

ಸಾಹೇಬರು ಗದರಿದರು. "ಏನ್ರೀ ಇದು ಎರಡೆರಡು? ಒಂದು ಜಲಾಶಯಕ್ಕೆ ಒಂದೇ ಬಾಟಲಿ, ಒಂದೇ ಫಾರಂ. ಒಂದನ್ನ ಚೆಲ್ರೀ."

ಹದಿನಾರು ವರ್ಷದ ನೌಕರಿಯಲ್ಲಿ ಸಾಹೇಬರ ಮಾತು ಮೀರಿದವನಲ್ಲ ನಾನು. ಇವತ್ತೂ ಮೀರಲಿಲ್ಲ. ಒಂದನ್ನು ಚೆಲ್ಲಿದೆ, ತಿಳಿಯಾಗಿದ್ದುದನ್ನು.